ನವಿಲುಮೀನಿಗೆ ಆರಿಸಿದ ದಾರ

ನಾನು ಒಂದು ಗಾಳದ ದಾರ. ನೂಲಿನದಲ್ಲ, ನೈಲಾನಿನದೂ ಅಲ್ಲ. ಕೂದಲಿಗಿಂತ ಸಣ್ಣ ಎಳೆಗಳನ್ನು ಒಟ್ಟುಗೂಡಿಸಿ, ಹೆಣ್ಣುಮಗಳಿಗೆ ಜಡೆ ಹಾಕುವಂತೆ ಬಿಗಿಯಾಗಿ ಹೆಣೆದು ನನ್ನನ್ನು ಮಾಡಿದರು. ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಮನುಷ್ಯರ ಕೈ ನನಗೆ ತಾಗಿದ್ದು ಕಡೆಯಲ್ಲಿ ಮಾತ್ರ. ಒಬ್ಬ ಹೆಂಗಸು ನನ್ನ ತುದಿಯನ್ನು ಕಬ್ಬಿಣದ ಕೊಂಡಿಗೆ ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ಎಳೆದು ನೋಡಿದಳು. ಅವಳು ಕೈಗೆ ದಪ್ಪ ಚರ್ಮದ ಗವಸು ತೊಟ್ಟಿದ್ದಳು. ಅದು ಯಾಕೆಂದು ನಾನು ಆಗ ಯೋಚಿಸಲಿಲ್ಲ. ನಾನು ಹರಿಯಲಿಲ್ಲ, ಒಂದು ಕೂದಲೆಳೆಯಷ್ಟು ಹಿಗ್ಗಲೂ ಇಲ್ಲ. ಅವಳು ತಲೆಯಾಡಿಸಿ ನನ್ನನ್ನು ಉರುಳೆಗೆ ಸುತ್ತಿದಳು.

ಹಡಗು, ಲಾರಿ, ಗೋದಾಮು ಎಲ್ಲ ದಾಟಿ ಮೈಸೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಇಲಿಯಾಸ್ ಸಾಬರ ಅಂಗಡಿ ಸೇರಿದೆ. ಗಾಜಿನ ಪೆಟ್ಟಿಗೆಯಲ್ಲಿ ನನ್ನ ಪಕ್ಕಕ್ಕೆ ನೈಲಾನ್ ದಾರದ ಉರುಳೆಗಳಿದ್ದವು. ಹಳ್ಳಿಯಿಂದ ಬಂದವರು ಅವನ್ನೇ ಕೇಳಿ ಕೊಳ್ಳುತ್ತಿದ್ದರು. ನನ್ನ ಬೆಲೆ ಕೇಳಿ ಮತ್ತೆ ಒಳಗಿಡುತ್ತಿದ್ದರು.

ನನ್ನನ್ನು ಕೊಂಡವರು ಫ್ರಾಂಕ್ಲಿನ್ ಎಂಬುವವರು. ನಗರದಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ರಜೆಯ ದಿನ ಮೀನು ಹಿಡಿಯುವುದು ಅವರ ಹುಚ್ಚು. ಗುಂಡಾಪುರದ ಹಿನ್ನೀರಿನಲ್ಲಿ ಹೊಸ ಜಾತಿಯ ಮೀನೊಂದು ಒಮ್ಮೆ ತಮ್ಮ ದಾರ ಹರಿದು, ಇನ್ನೊಮ್ಮೆ ಗಾಳವನ್ನು ಮೊಳೆಯಂತೆ ನೆಟ್ಟಗೆ ಮಾಡಿ ಹೋಯಿತು ಎಂದು ಸಾಬರ ಮುಂದೆ ದೂರಿಟ್ಟರು. ಹಳದಿ ಮೈ, ಕಪ್ಪು ಪಟ್ಟೆ, ಬಾಲದ ಬುಡದಲ್ಲಿ ನವಿಲುಗರಿಯ ಕಣ್ಣಿನಂಥ ಮಚ್ಚೆ ಎಂದು ಅದರ ಚಹರೆ ಹೇಳಿದರು. ಸಾಬರಿಗೆ ತಕ್ಷಣ ಗೊತ್ತಾಯಿತು. ಅದು ಪೀಕಾಕ್ ಬಾಸ್, ನವಿಲುಮೀನು. ಯಾರೋ ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ್ದು, ಬೆಳೆದು ತೊಟ್ಟಿ ಸಾಲದೆ ಹೋದಾಗ ನೀರಿಗೆ ಬಿಟ್ಟಿರಬೇಕು ಎಂದರು.

"ಕಾಟ್ಲಾ ಥರ ಮೂಸಿ ಮೂಸಿ ತಿನ್ನೋ ಮೀನಲ್ಲ ಸಾರ್ ಇದು. ತಿನ್ನಕ್ಕಿಂತ ಮೊದ್ಲು ಹೊಡೆಯಕ್ ಬರ್ತದೆ," ಎಂದ ಸಾಬರು ದಪ್ಪ ಗಾಳಗಳನ್ನೂ, ಎರೆಯ ಬದಲು ಕಟ್ಟುವ, ಬಣ್ಣ ಬಳಿದ ಒಂದು ಮರದ ಮೀನನ್ನೂ ಮೇಜಿನ ಮೇಲಿಟ್ಟರು. ಆಮೇಲೆ ನನ್ನನ್ನು ತೆಗೆದರು. ಹೊಡೆದ ಕೂಡಲೇ ಅದು ನೀರಲ್ಲಿ ಮುಳುಗಿದ ಮರದ ಸಂದಿಗೆ ನುಗ್ಗುತ್ತದೆ, ಹಿಗ್ಗುವ ದಾರದಲ್ಲಿ ಅದನ್ನು ತಡೆಯಲಾಗುವುದಿಲ್ಲ, ಹೆಣೆದ ದಾರವೇ ಬೇಕು ಎಂದು ವಿವರಿಸಿದರು. ಅಷ್ಟೇ ಮುಖ್ಯವಾಗಿ, ದಾರ ಬಿಟ್ಟು ಸುತ್ತಲು ಗಾಳದ ಕೋಲಿಗೆ ಒಳ್ಳೆಯ ರೀಲ್ ಬೇಕು ಎಂದರು. ಫ್ರಾಂಕ್ಲಿನ್ ಎಲ್ಲವನ್ನೂ ಕೊಂಡರು.

ರೀಲಿನ ಮೇಲೆ ನಾನು ಸುಖವಾಗಿದ್ದೆ. ಮೀನು ಓಡಿದಾಗ ರೀಲ್ ಕಿರ್ರೆಂದು ಸದ್ದು ಮಾಡುತ್ತ ನನ್ನನ್ನು ಬಿಟ್ಟುಕೊಡುತ್ತಿತ್ತು. ಅದು ದಣಿದಾಗ ಮತ್ತೆ ಸುತ್ತಿಕೊಳ್ಳುತ್ತಿತ್ತು. ನನ್ನಲ್ಲಿಲ್ಲದ ಕರುಣೆ ಆ ರೀಲಿನಲ್ಲಿತ್ತು.

ಹಿನ್ನೀರಿನಲ್ಲಿ ಫ್ರಾಂಕ್ಲಿನ್ ಅವರನ್ನು ತೆಪ್ಪದಲ್ಲಿ ಕರೆದೊಯ್ಯುತ್ತಿದ್ದವನು ಬೆಟ್ಟಸ್ವಾಮಿ. ಮೀನು ಹಿಡಿಯುವುದೇ ಅವನ ಕಸುಬು. ಅವನು ಬೀಸುಬಲೆ ಎಸೆದರೆ ಅದು ನೀರಿನ ಮೇಲೆ ಹುಣ್ಣಿಮೆ ಚಂದ್ರನಂತೆ ದುಂಡಗೆ ಬಿಚ್ಚಿಕೊಳ್ಳುತ್ತಿತ್ತು. ಬಲೆಯ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬಲಗೈಯ ಬೆರಳುಗಳ ಸಂದಿಯಲ್ಲಿ ಮಡಿಕೆ ಮಡಿಕೆಯಾಗಿ ಹಿಡಿದು, ಸೊಂಟ ತಿರುಗಿಸಿ ಬಿಡುತ್ತಿದ್ದ. ಅವನ ಹೆಂಡತಿ ಸಣ್ಣಮ್ಮಣ್ಣಿ ಹುಟ್ಟು ಹಾಕುತ್ತಿದ್ದಳು. ಅವಳ ಮಾತು ಕಡಿಮೆ. ಹೊರಗಿನವರಿದ್ದರೆ ಇನ್ನೂ ಕಡಿಮೆ. ತೆಪ್ಪದ ತಳದಲ್ಲಿ ಬಿದ್ದಿರುತ್ತಿದ್ದ ನನಗೆ ಅವಳ ಒಡೆದ ಹಿಮ್ಮಡಿ ಮತ್ತು ಸದಾ ಗಂಡನ ಕೈಯನ್ನೇ ನೋಡುತ್ತಿದ್ದ ಕಣ್ಣು ಕಾಣುತ್ತಿದ್ದವು.

ಬಲೆ ದುಂಡಗೇ ಬೀಳುತ್ತಿತ್ತು, ಬರಿದಾಗಿ ಏಳುತ್ತಿತ್ತು. ಊರಿನ ಬೆಸ್ತರೆಲ್ಲ ಸೇರಿ ಮಳೆಗಾಲದಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. ಆ ಮರಿಗಳನ್ನೆಲ್ಲ ನವಿಲುಮೀನು ನುಂಗುತ್ತಿತ್ತು. ಮುಳುಗಿದ ಹುಣಸೆಮರದ ಹತ್ತಿರ ಗಂಡು ಹೆಣ್ಣು ಎರಡು ದೊಡ್ಡವು ನೆಲೆ ನಿಂತಿದ್ದವು. ಅವು ಅಲ್ಲೇ ಮರಿ ಮಾಡಿದರೆ ಈ ನೀರು ಕೈಬಿಟ್ಟ ಹಾಗೆಯೇ. ಆಮೇಲೆ ಉಳಿಯುವುದು ಇಟ್ಟಿಗೆ ಸುಡುವ ಗೂಡಿನ ಕೂಲಿ. ಸಣ್ಣಮ್ಮಣ್ಣಿಯ ಅಕ್ಕ ಗಂಡ ಮಕ್ಕಳೊಂದಿಗೆ ಅಲ್ಲಿಗೆ ಹೋಗಿ, ಕೆಮ್ಮು ಹತ್ತಿಸಿಕೊಂಡು ಅಲ್ಲೇ ಮಣ್ಣಾಗಿದ್ದಳು. ಗೂಡಿನ ಮಾತು ಬಂದಾಗಲೆಲ್ಲ ಸಣ್ಣಮ್ಮಣ್ಣಿ ಎದ್ದು ಒಳಗೆ ಹೋಗುತ್ತಿದ್ದಳು.

ಬೆಟ್ಟಸ್ವಾಮಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿ ನೋಡಿದ್ದ. ರಾಗಿಹಿಟ್ಟಿನ ಉಂಡೆ ಇಟ್ಟ, ಎರೆಹುಳ ಚುಚ್ಚಿದ, ಸಂಜೆ ಗಾಳ ಕಟ್ಟಿ ಬೆಳಿಗ್ಗೆ ಹೋಗಿ ನೋಡಿದ. ಈ ಮೀನು ಹಗಲಲ್ಲಿ ಕಣ್ಣಿಂದ ಬೇಟೆಯಾಡುವಂಥದ್ದು. ಅಲುಗಾಡದೆ ಕೂತ ಉಂಡೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಅವನ ಚಿಕ್ಕಪ್ಪನ ಮಗ ಕುಳ್ಳಯ್ಯ ದಡದಲ್ಲಿ ಕೂತು ಗೇಲಿ ಮಾಡುತ್ತಿದ್ದ.

"ಪ್ಯಾಟೆ ಮನೆಲಿ ಬೆಳ್ದಿರೋ ಮೀನು ಕಣಣ್ಣ ಅದು. ನಿನ್ ಮುದ್ದೆ ಉಂಡದಾ? ಎಲೆ ಹಾಕಿ ಬಾಡೂಟ ಬಡಿಸು."

ಮುಂದಿನ ಬೇಸಿಗೆಯಲ್ಲಿ ಫ್ರಾಂಕ್ಲಿನ್ ರೀಲಿಗೆ ಹೊಸ ದಾರ ಹಾಕಿಸಿದರು. ನನ್ನ ಬಣ್ಣ ಮಾಸಿತ್ತು, ಬಲ ಮಾಸಿರಲಿಲ್ಲ. ಎಸೆಯಲು ಮನಸ್ಸಾಗದೆ ನನ್ನನ್ನು ಒಂದು ಖಾಲಿ ಬಾಟಲಿಗೆ ಸುತ್ತಿ, ಮರದ ಮೀನಿನ ಜೊತೆ ಬೆಟ್ಟಸ್ವಾಮಿಗೆ ಕೊಟ್ಟರು. ಹಗಲು ಹೊತ್ತಿನಲ್ಲಿ ಹಾಕು, ಮರದ ಮೀನನ್ನು ನೀರಿನ ಮೇಲೆ ತಟತಟ ಎಳಿ, ಎಂಥ ಮೀನಿಗೂ ಈ ದಾರ ಹರಿಯುವುದಿಲ್ಲ ಎಂದರು. ಹೇಳಬೇಕಾದದ್ದನ್ನೆಲ್ಲ ಹೇಳಿದೆ ಎಂದೇ ಅವರು ತಿಳಿದಿದ್ದರು.

ಅವರು ಹೇಳದೆ ಬಿಟ್ಟದ್ದು ಅವರಿಗೆ ಹೊಳೆಯುವಂಥದ್ದೇ ಅಲ್ಲ. ರೀಲಿಲ್ಲದೆ ಮೀನು ಹಿಡಿಯುವವರು ದಾರವನ್ನು ಅಂಗೈಗೆ ಸುತ್ತಿಕೊಳ್ಳುತ್ತಾರೆ. ಬೆಟ್ಟಸ್ವಾಮಿಯ ಅಪ್ಪ ಹಾಗೆ ಸುತ್ತಿಕೊಂಡಿದ್ದ, ತಾತನೂ ಅಷ್ಟೇ. ದಪ್ಪ ನೈಲಾನ್ ಹಿಗ್ಗುತ್ತದೆ, ಚರ್ಮದಲ್ಲಿ ಒಂದು ಬರೆ ಮೂಡಿಸುತ್ತದೆ, ತೀರ ಜೋರಾದರೆ ತಾನೇ ಹರಿಯುತ್ತದೆ. ಬೇಡವೆನಿಸಿದರೆ ಹಲ್ಲಿನಿಂದ ಕಚ್ಚಿ ತುಂಡು ಮಾಡಬಹುದು. ಅದಕ್ಕೇ ಅವರ ತೆಪ್ಪದಲ್ಲಿ ಚಾಕು ಇಟ್ಟುಕೊಳ್ಳುವ ವಾಡಿಕೆ ಇರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಗಂಡ ಹೆಂಡತಿ ಹುಣಸೆಮರದ ಹತ್ತಿರ ತೆಪ್ಪ ನಿಲ್ಲಿಸಿದರು. ಬೆಟ್ಟಸ್ವಾಮಿ ನನ್ನನ್ನು ಬಲಗೈಗೆ ಸುತ್ತಿಕೊಂಡ. ಇಷ್ಟು ತೆಳು ಇದೆಯಲ್ಲ, ಜಾರೀತು ಎಂದು ಇನ್ನೂ ನಾಲ್ಕು ಸುತ್ತು ಸುತ್ತಿದ. ಮರದ ಮೀನನ್ನು ಎಸೆದು ತಟತಟ ಎಳೆದ. ನೀರು ಒಡೆಯಿತು. ನವಿಲುಮೀನು ಹೊಡೆದ ಏಟಿಗೆ ನಾನು ತಂತಿಯಂತೆ ನೆಟ್ಟಗಾದೆ.

ಅವನು ನಕ್ಕ. ಅದೊಂದು ಗಳಿಗೆ ಅವಳೂ ನಕ್ಕಳು.

ಮೀನು ಮುಳುಗಿದ ಕೊಂಬೆಗಳ ಕೆಳಗೆ ನುಗ್ಗಿತು. ನಾನು ಒಂದು ಬೊಡ್ಡೆಗೆ ಸುತ್ತಿಕೊಂಡೆ. ಅಷ್ಟರಲ್ಲಿ ಗಾಳಿ ಎದ್ದು ತೆಪ್ಪವನ್ನು ಹಿಂದಕ್ಕೆ ತಳ್ಳತೊಡಗಿತು. ಈಗ ಎಳೆಯುತ್ತಿದ್ದುದು ಮೀನಲ್ಲ. ಒಂದು ಕಡೆ ಮರ, ಇನ್ನೊಂದು ಕಡೆ ಇಬ್ಬರು ಕೂತ ತೆಪ್ಪ, ನಡುವೆ ಅವನ ಕೈ. ಸುತ್ತುಗಳು ಬಿಗಿದವು. ನಾನು ಚರ್ಮ ದಾಟಿದೆ. ಅದರ ಕೆಳಗೆ ಬೆರಳು ಮಡಿಸುವ ನರಗಳಿದ್ದವು. ನಾನು ಅವನ್ನೂ ದಾಟಿದೆ.

"ಕಚ್ಚಮ್ಮಿ, ಕಚ್ಚಿ ತುಂಡ್ ಮಾಡು," ಎಂದ ಬೆಟ್ಟಸ್ವಾಮಿ.

ಸಣ್ಣಮ್ಮಣ್ಣಿ ಹುಟ್ಟು ಬಿಟ್ಟು ಬಂದು ನನ್ನನ್ನು ಕಚ್ಚಿದಳು. ಅವಳ ತುಟಿ ಸೀಳಿತು, ಒಸಡಿನಿಂದ ರಕ್ತ ಬಂತು. ನಾನು ತುಂಡಾಗಲಿಲ್ಲ. ಅವಳು ಕಚ್ಚುವಷ್ಟು ಹೊತ್ತೂ ತೆಪ್ಪ ಇನ್ನಷ್ಟು ಹಿಂದಕ್ಕೆ ಸರಿಯುತ್ತಿತ್ತು. ಕಡೆಗೆ ಅವಳಿಗೇ ತಿಳಿಯಿತು. ಮತ್ತೆ ಹುಟ್ಟು ಹಿಡಿದು, ಗಾಳಿಗೆ ಎದುರಾಗಿ, ಮರದ ಕಡೆಗೇ ತೆಪ್ಪ ಹಾಕಿದಳು. ನಾನು ಸಡಿಲವಾದೆ. ಒಂದೊಂದು ಸುತ್ತನ್ನೂ ಮಾಂಸದಿಂದ ಬಿಡಿಸಿ ತೆಗೆದಳು. ಮೀನು ಗಾಳ ಬಿಡಿಸಿಕೊಂಡು ಹೋಗಿ ಆಗಿತ್ತು. ಅವನ ಕೈಗೆ ಸೆರಗು ಹರಿದು ಸುತ್ತಿ, ದಡದವರೆಗೂ ಒಬ್ಬಳೇ ಹುಟ್ಟು ಹಾಕಿದಳು.

ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದವು ಇವೆ, ಮಡಚುವುದಿಲ್ಲ. ಫ್ರಾಂಕ್ಲಿನ್ ಸೇಬು ಹಿಡಿದು ನೋಡಲು ಬಂದರು. ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಎಂದು ಮೆಲ್ಲಗೆ ಹೇಳಿದರು. ಬೆಟ್ಟಸ್ವಾಮಿ ಇರಲಿ ಬುಡಿ ಸಾರ್ ಎಂದ. ಆಮೇಲೆ ಅವರು ಗುಂಡಾಪುರದ ಕಡೆ ಬರಲಿಲ್ಲ.

ಬೆಟ್ಟಸ್ವಾಮಿ ಒಂದು ಸಲ ಅಂಗಳದಲ್ಲಿ ನಿಂತು ಬಲೆ ಎತ್ತಿಕೊಂಡ. ಮಡಿಕೆಗಳು ಬೆರಳಲ್ಲಿ ನಿಲ್ಲದೆ ಕಾಲ ಮೇಲೆ ಜಾರಿ ಬಿದ್ದವು. ಮತ್ತೆ ಎತ್ತಲಿಲ್ಲ. ಈಗ ಸಣ್ಣಮ್ಮಣ್ಣಿ ಬೆಳಗಾಗುವ ಮುಂಚೆ ಇಟ್ಟಿಗೆ ಗೂಡಿಗೆ ಹೊರಡುತ್ತಾಳೆ. ಸಂಜೆ ಕೆಂಪು ದೂಳಿನಲ್ಲಿ ಅವಳ ಹುಬ್ಬೂ ಕಾಣುವುದಿಲ್ಲ. ಬಾಗಿಲಲ್ಲಿ ಕೂತು ಸ್ವಲ್ಪ ಹೊತ್ತು ಕೆಮ್ಮಿ, ಆಮೇಲೆ ಒಲೆ ಹಚ್ಚುತ್ತಾಳೆ. ನನ್ನನ್ನು ಸೂರಿನ ಸಂದಿಗೆ ಸಿಕ್ಕಿಸಿದ್ದರು. ರಕ್ತ ಒಣಗಿ ನಾನು ಕಪ್ಪಾಗಿದ್ದೆ.

ಒಂದು ಸಂಜೆ ಕುಳ್ಳಯ್ಯ ಬಂದ. ಅವನಿಗೂ ಈಗ ಗೇಲಿ ಮಾಡುವ ಹುಮ್ಮಸ್ಸು ಉಳಿದಿರಲಿಲ್ಲ. ನವಿಲುಮೀನು ಮರಿ ಮಾಡಿದೆ, ಹೇಗಾದರೂ ದೊಡ್ಡವೆರಡನ್ನು ಹಿಡಿಯಬೇಕು, ಆ ದಾರ ಕೊಡು ಎಂದು ಕೇಳಿದ. ಸುಮ್ಮನೆ ಬಿದ್ದಿದೆ, ತಗೊಂಡೋಗು ಎಂದ ಬೆಟ್ಟಸ್ವಾಮಿ.

"ಹೆಂಗ್ ಹಿಡೀತೀಯ?" ಎಂದು ಸಣ್ಣಮ್ಮಣ್ಣಿ ಕೇಳಿದಳು.

"ಬಟ್ಟೆ ಸುತ್ಕೊಂಡು, ಅದ್ರ ಮ್ಯಾಲ್ ದಾರ ಸುತ್ಕತೀನಿ ಅತ್ಗೆ."

ಅವಳು ನನ್ನನ್ನು ಸೂರಿನಿಂದ ತೆಗೆದು ಒಳಗೆ ಹೋದಳು. ಮೀನು ಕೊಯ್ಯುವ ಮಚ್ಚನ್ನು ತೆಗೆದು, ಒರಳಿನ ಅಂಚಿಗೆ ನನ್ನನ್ನು ಒತ್ತಿ ಹಿಡಿದು, ಗೇಣು ಗೇಣಿಗೆ ಕಡಿದಳು. ನಾನು ಗಟ್ಟಿ, ಆದ್ದರಿಂದ ಅವಳಿಗೆ ಬಹಳ ಹೊತ್ತು ಹಿಡಿಯಿತು. ಹೊರಗೆ ಗಂಡಸರು ಮಚ್ಚಿನ ಸದ್ದು ಕೇಳುತ್ತ ಕೂತಿದ್ದರು. ತುಂಡುಗಳನ್ನು ಮುಷ್ಟಿ ತುಂಬ ತಂದು ಕುಳ್ಳಯ್ಯನ ಮುಂದೆ ಸುರಿದಳು.

"ನಿಮ್ದು ಹೋಯ್ತು ಅಂತ ನಮ್ದೂ ಹೋಗ್ಲಿ ಅಂತಿಯಾ," ಎಂದ ಕುಳ್ಳಯ್ಯ. ಅವಳು ಮಚ್ಚು ತೊಳೆದಿಡಲು ಒಳಗೆ ಹೋದಳು. ಗಂಡನೂ ಅವಳ ಪರ ವಹಿಸಲಿಲ್ಲ.

ಈಗ ನಾನು ಬರೀ ಚೂರುಗಳು. ಒಂದು ಚೂರು ಉಪ್ಪಿನ ಚೀಲದ ಬಾಯಿ ಕಟ್ಟಿದೆ, ಇನ್ನೊಂದು ಸೌದೆಯ ಹೊರೆಗಿದೆ. ಉಳಿದವು ಒಲೆಗೆ ಬಿದ್ದು ಕರಗಿದವು. ಗಟ್ಟಿಯಾಗಿರಲೆಂದೇ ನನ್ನನ್ನು ಮಾಡಿದರು, ಯಾವಾಗ ಬಿಡಬೇಕೆಂದು ಮಾತ್ರ ನನಗೆ ಯಾರೂ ಕಲಿಸಲಿಲ್ಲ. ನವಿಲುಮೀನನ್ನು ರೀಲಿಲ್ಲದೆ ಬರಿಗೈಲಿ ಹಿಡಿಯುವವರಿಗೆ ನಾನು ತಕ್ಕವನಲ್ಲ. ಅದನ್ನು ಮೊದಲು ಕಂಡುಕೊಂಡವಳು ಸಣ್ಣಮ್ಮಣ್ಣಿ. ಅದಕ್ಕಾಗಿ ಊರೆಲ್ಲ ಅವಳನ್ನು ಹೊಟ್ಟೆಕಿಚ್ಚಿನವಳು ಎನ್ನುತ್ತದೆ.

ಕುಳ್ಳಯ್ಯ ನೈಲಾನ್ ದಾರದಲ್ಲೇ ಪ್ರಯತ್ನಿಸುತ್ತಾನೆ. ಪ್ರತಿ ಸಲವೂ ಅದು ಹರಿಯುತ್ತದೆ. ಬರಿಗೈಲಿ ಹಿಂದಿರುಗುವಾಗ ನಮ್ಮ ಬಾಗಿಲ ಮುಂದೆ ನಿಂತು ಅವಳನ್ನು ಬೈಯುತ್ತಾನೆ, ಬೈಯುತ್ತ ಬಲಗೈ ಮುಷ್ಟಿ ಕಟ್ಟಿ ತೋರಿಸುತ್ತಾನೆ. ಸಣ್ಣಮ್ಮಣ್ಣಿ ಸೌದೆಯ ಹೊರೆ ಇಳಿಸಿ, ಅವನ ಬೆರಳು ಐದೂ ಹೇಗೆ ಒಟ್ಟಿಗೆ ಮಡಚಿಕೊಂಡಿವೆ ಎಂದು ನೋಡುತ್ತ ನಿಲ್ಲುತ್ತಾಳೆ.