ಕೆಮ್ಮು ಕಲಿಸಿದ್ದು

"ಇದು ಎಂಜಲು, ಮೇಡಂ. ಕಫ ಅಲ್ಲ."

ಲ್ಯಾಬಿನ ಹುಡುಗಿ ಡಬ್ಬಿಯನ್ನು ಟ್ಯೂಬ್‌ಲೈಟಿನ ಬೆಳಕಿಗೆ ಎತ್ತಿ ಹಿಡಿದಾಗ ಕೋಣೆಯಲ್ಲಿದ್ದ ಇಪ್ಪತ್ತು ನರ್ಸುಗಳು ಒಟ್ಟಿಗೆ ನಕ್ಕರು. ಡಬ್ಬಿ ದೊಡ್ಡ ಸಿಸ್ಟರ್‌ದು. ಇಪ್ಪತ್ತಾರು ವರ್ಷ ಸರ್ವಿಸು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಕ್ಷಯದ ಪರೀಕ್ಷೆಗೆ ಕಫ ತೆಗೆಸುವುದು ಹೇಗೆಂದು ಕಲಿಯಲು ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದೇ ಅವರಿಗೆ ಸಾಕಾಗಿತ್ತು. "ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದವ್ಳೆ" ಎಂದು ಪಕ್ಕದವಳ ಕಿವಿಯಲ್ಲಿ ಹೇಳಿ ಒಮ್ಮೆ ನಗಿಸಿಯೂ ಆಗಿತ್ತು.

"ಆರೋಗ್ಯವಾಗಿರೋರಿಗೆ ಕಫ ಎಲ್ಲಿಂದ ಬರ್ಬೇಕಮ್ಮ?" ಎಂದರು ಕೂತಲ್ಲಿಂದಲೇ.

"ನಿಮಗೆ ಬರಲ್ಲ, ಸರಿ. ಆದ್ರೆ ನಿಮ್ಮ ಹೆಲ್ತ್ ಸೆಂಟರಿಂದ ಬರೋ ಡಬ್ಬಿಗಳಲ್ಲೂ ಇದೇ ಇರುತ್ತೆ. ಹತ್ತರಲ್ಲಿ ಆರು."

ನಗು ನಿಂತಿತು.

"ಹಂಗಿದ್ರೆ ವಾಪಸ್ ಕಳಿಸ್ಬೇಕಿತ್ತು."

ಹುಡುಗಿ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದಳು. "ಮೊದಮೊದ್ಲು ಕಳಿಸ್ತಿದ್ದೆ ಮೇಡಂ. 'ಇದ್ದಿದ್ದನ್ನ ನೋಡಮ್ಮ, ನಮಗೆ ಬೇರೆ ಕೆಲಸ ಇಲ್ವಾ' ಅಂತ ಫೋನಲ್ಲಿ ಬೈದ್ರಿ. ಆಮೇಲೆ ಬಂದಿದ್ದನ್ನೇ ನೋಡಿ 'ಇಲ್ಲ' ಅಂತ ಬರೆಯೋಕೆ ಶುರು ಮಾಡ್ದೆ. ಅದು ನನ್ನ ತಪ್ಪು. ಎಂಜಲಲ್ಲಿ ರೋಗ ಹುಡುಕಿದ್ರೆ ಏನು ಸಿಗುತ್ತೆ?"

ಅವಳು ಪಾಠ ಮುಂದುವರಿಸಿದಳು. ಬಾಯಿ ಮುಕ್ಕಳಿಸಬೇಕು, ಎರಡು ಸಲ ಆಳವಾಗಿ ಉಸಿರೆಳೆದು ಬಿಡಬೇಕು, ಮೂರನೆಯ ಸಲ ಎದೆಯ ತಳದಿಂದ ಕೆಮ್ಮಬೇಕು. ಬಯಲಿನಲ್ಲಿ, ನಾಲ್ಕು ಜನ ನೋಡದ ಕಡೆ. ದೊಡ್ಡ ಸಿಸ್ಟರಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಐದು ವಾರದ ಹಿಂದೆ ಕೈತೊಳೆಯುವ ನಲ್ಲಿಯ ಪಕ್ಕ ಡಬ್ಬಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಕಣ್ಣಿಗೆ ಕಟ್ಟಿದಳು. ಇಸ್ತ್ರಿ ಅಂಗಡಿಯವಳು, ಒಣಗಿದ ಕಡ್ಡಿಯಂಥವಳು. ಸಾಲಿನಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. "ಬೇಗ ಉಗುಳಮ್ಮ, ಸಾಲು ಬೆಳೀತಿದೆ" ಎಂದು ಕೂಗಿದ್ದು ತಾವೇ. ಬಂದದ್ದು ನೀರಿನಂಥ ನೊರೆ. ಮೂರನೆಯ ದಿನ ಫಲಿತಾಂಶ ನೋಡಿ, "ಏನೂ ಇಲ್ಲ, ಹೋಗು, ಇಸ್ತ್ರಿ ಹಬೆಗೆ ಕೆಮ್ಮು ಅಷ್ಟೆ" ಎಂದು ಕಳಿಸಿದ್ದೂ ತಾವೇ.

ಊಟದ ಬಿಡುವಿಗೆ ಎಲ್ಲರೂ ಎದ್ದರು. ದೊಡ್ಡ ಸಿಸ್ಟರ್ ಎರಡು ತುತ್ತು ನುಂಗಿ ತಟ್ಟೆ ಸರಿಸಿದರು. ತಮ್ಮ ಸೆಂಟರಿಗೆ ಫೋನು ಮಾಡಿ ರಿಜಿಸ್ಟರಿನಲ್ಲಿದ್ದ ಅವಳ ವಿಳಾಸ, ಫೋನ್ ನಂಬರು ತೆಗೆಸಿದರು. ನಂಬರು ಯಾರದೋ ಪಕ್ಕದ ಮನೆಯದು, ರಿಂಗಾಗಿ ರಿಂಗಾಗಿ ನಿಂತಿತು. ಕೂತರು, ಎದ್ದರು, ಇನ್ನೊಮ್ಮೆ ಮಾಡಿದರು. ಕೊನೆಗೆ ಮೇಜಿನ ಮೇಲಿದ್ದ ಹೊಸ ಡಬ್ಬಿಗಳಲ್ಲಿ ಎರಡನ್ನು ಚೀಲಕ್ಕೆ ಹಾಕಿಕೊಂಡರು.

"ಮಧ್ಯಾಹ್ನ ಸಹಿ ತಗೋತಾರೆ ಮೇಡಂ" ಎಂದಳು ಹುಡುಗಿ.

"ಗೈರುಹಾಜರಿ ಹಾಕ್ಕೊಳ್ಳಲಿ."

ಬಸ್ಸು ಪ್ರತಿ ಸ್ಟಾಪಿನಲ್ಲೂ ಬೇಕೆಂದೇ ನಿಲ್ಲುತ್ತಿರುವಂತೆ ಕಂಡಿತು. ಇಳಿದ ಮೇಲೆ ಮೂರು ಓಣಿ ಸುತ್ತಿದರು. ನಾಲ್ಕನೆಯದರ ತುದಿಯಲ್ಲಿ ಬಿಸಿ ಬಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ಅವಳು ಮೇಜಿಗೆ ಬಾಗಿ ಪ್ಯಾಂಟೊಂದನ್ನು ಒತ್ತುತ್ತಿದ್ದಳು. ಐದು ವಾರಕ್ಕೆ ಇನ್ನಷ್ಟು ಇಳಿದುಹೋಗಿದ್ದಳು. ಮೂಲೆಯ ಸ್ಟೂಲಿನ ಮೇಲೆ ಗುಂಡಿ ಹಾಕುತ್ತ ಕೂತಿದ್ದ ಮುದುಕಿ ಕನ್ನಡಕದ ಮೇಲಿನಿಂದ ನೋಡಿದಳು.

"ಓ, ನರ್ಸಮ್ಮ! ಬನ್ನಿ. ನೀವೇ ಬಂದ್ರಲ್ಲ, ನಮ್ ಸೊಸೆಗೆ ಇನ್ನೊಂದು ಸಲ ಹೇಳಿ ಹೋಗಿ. ಏನೂ ಇಲ್ಲ ಅಂತ ನೀವಂದ್ರೂ ಕೆಮ್ಮು ಬಿಡ್ತಿಲ್ಲ. ಕೆಲಸ ಅಂದ್ರೆ ಸಾಕು, ಕೆಮ್ಮು ಬರುತ್ತೆ. ಕೆಲಸಗಳ್ಳಿ ಕೆಮ್ಮು."

ಸೊಸೆ ತಲೆಯೆತ್ತಲಿಲ್ಲ. ಅವಳ ಭುಜ ಒಮ್ಮೆ ನಡುಗಿತು. ಕುತ್ತಿಗೆಯ ನರ ಉಬ್ಬಿತು, ಕಣ್ಣಿನಲ್ಲಿ ನೀರಾಡಿತು, ಆದರೆ ಸದ್ದು ಬರಲಿಲ್ಲ. ಬಾಯಿ ಬಿಗಿಹಿಡಿದು ಬಂದದ್ದನ್ನು ಹಾಗೇ ನುಂಗಿ ಇಸ್ತ್ರಿಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದಳು. ನೋಡಿದ ದೊಡ್ಡ ಸಿಸ್ಟರ್ ಹೊಸ್ತಿಲಲ್ಲೇ ನಿಂತರು. ತಮ್ಮ ಒಂದು ಮಾತು ಈ ಮನೆಯಲ್ಲಿ ಐದು ವಾರ ಏನು ಕೆಲಸ ಮಾಡಿದೆ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಅಮ್ಮ, ಅವತ್ತು ನಾನು ಹೇಳಿದ್ದು ತಪ್ಪು" ಎಂದರು. "ಡಬ್ಬಿಗೆ ಬಿದ್ದಿದ್ದು ಬರೀ ಎಂಜಲು. ನೋಡ್ಕೊಳ್ಳಬೇಕಾದವಳು ನಾನು, ನೋಡ್ಲಿಲ್ಲ. ಇವಳದ್ದೇನೂ ತಪ್ಪಿಲ್ಲ."

ಮುದುಕಿಯ ಸೂಜಿ ಅರ್ಧದಲ್ಲಿ ನಿಂತಿತು. "ಅಂದ್ರೆ? ಇದೆ ಅಂತೀರೋ, ಇಲ್ಲ ಅಂತೀರೋ? ಒಂದು ನಾಲಿಗೆ ಮೇಲೆ ನಿಂತ್ಕೊಳ್ಳಿ."

"ಗೊತ್ತಿಲ್ಲ ಅಂತೀನಿ. ಅವತ್ತೂ ಅದನ್ನೇ ಹೇಳ್ಬೇಕಿತ್ತು."

ತಾರಸಿಯಲ್ಲಿ ಒಣಹಾಕಿದ ಹಾಸಿಗೆಹೊದಿಕೆಗಳ ನಡುವೆ ಸೊಸೆ, ದೊಡ್ಡ ಸಿಸ್ಟರ್ ಇಬ್ಬರೇ ನಿಂತರು. ಅವಳು ಬಾಯಿ ಮುಕ್ಕಳಿಸಿದಳು, ಉಸಿರೆಳೆದಳು. ಕೆಮ್ಮು ಗಂಟಲಿಗೆ ಬಂದದ್ದೇ ಅಭ್ಯಾಸದಂತೆ ತುಟಿಗಳು ಮುಚ್ಚಿಕೊಂಡವು.

"ನುಂಗ್ಬೇಡಮ್ಮ."

"ಕೆಳಗೆ ಕೇಳುತ್ತೆ."

"ಕೇಳ್ಲಿ."

"ಏನೂ ಇಲ್ದೆ ಕೆಮ್ಮಿದ್ರೆ ನಾಟಕ ಅಂತಾರೆ ಸಿಸ್ಟರ್. ನಂಗೂ ಹಂಗೇ ಅನ್ಸೋಕೆ ಶುರುವಾಗಿತ್ತು. ನಾಟಕಾನೇ ಮಾಡ್ತಿದೀನೇನೋ ಅಂತ."

ದೊಡ್ಡ ಸಿಸ್ಟರ್ ಅವಳ ಹಿಂದೆ ಹೋಗಿ ಬೆನ್ನ ಮೇಲೆ ಅಂಗೈ ಇಟ್ಟರು. ಮೂಳೆಗಳು ಒಂದೊಂದಾಗಿ ಕೈಗೆ ಸಿಕ್ಕಿದವು. "ನನ್ನ ಜೊತೆ ಎಳ್ಕೋ" ಎಂದು ತಾವೂ ಉಸಿರೆಳೆದರು. ಒಂದು. ಎರಡು. ಮೂರನೆಯದಕ್ಕೆ ತಾವೇ ಮೊದಲು ಕೆಮ್ಮಿದರು, ಓಣಿಗೆಲ್ಲ ಕೇಳುವಷ್ಟು ಜೋರಾಗಿ, ನಾಚಿಕೆಬಿಟ್ಟು. ಅವಳಿಗೆ ನಗು ಬಂತು. ನಗು ಕೆಮ್ಮಾಯಿತು. ಐದು ವಾರ ತಡೆಹಿಡಿದದ್ದೆಲ್ಲ ಒಮ್ಮೆಗೇ ಹೊರಬಿದ್ದಂತೆ ಅವಳು ಬಾಗಿ ಬಾಗಿ ಕೆಮ್ಮಿದಳು. ಡಬ್ಬಿಯ ತಳದಲ್ಲಿ ಗಟ್ಟಿಯಾದ ಹಳದಿ ಕಫ, ಅದರಲ್ಲೊಂದು ಕೆಂಪು ಎಳೆ.

ಮಾರನೆಯ ಬೆಳಿಗ್ಗೆಯ ಕಫಕ್ಕೆ ಇನ್ನೊಂದು ಡಬ್ಬಿಯನ್ನು ಕೊಟ್ಟು ಬಂದರು. ಅದನ್ನು ಬೆಳಗಾಗುತ್ತಲೇ ಸೆಂಟರಿಗೆ ತಂದಿಟ್ಟವಳು ಅತ್ತೆ. ಮೇಜಿನ ಮೇಲಿಟ್ಟು ಹೊರಟುಹೋದಳು. ಲ್ಯಾಬಿನ ಹುಡುಗಿ ಸಂಜೆ ಫೋನು ಮಾಡಿದಳು.

"ಎರಡರಲ್ಲೂ ಇದೆ ಮೇಡಂ."

"ಹೂಂ" ಎಂದರು ದೊಡ್ಡ ಸಿಸ್ಟರ್. ಫೋನು ಇಟ್ಟು ರಿಜಿಸ್ಟರು ತೆರೆದರು. ಆರು ತಿಂಗಳ 'ಇಲ್ಲ'ಗಳು, ತಮ್ಮದೇ ಗುಂಡಗಿನ ಅಕ್ಷರದಲ್ಲಿ ಸಾಲಾಗಿ ಕೂತಿದ್ದವು. ಒಂದು ಹಾಳೆ ಹರಿದು ವಿಳಾಸಗಳನ್ನು ಇಳಿಸತೊಡಗಿದರು. ಬರೆಯುತ್ತ ಹೋದಂತೆ ಹಾಳೆ ಸಾಲದೆ ಹಿಂಬದಿಗೆ ತಿರುಗಿಸಿದರು.

ಮೂರನೆಯ ದಿನ ದೊಡ್ಡ ಸಿಸ್ಟರ್ ಮಾತ್ರೆ ಹಿಡಿದು ಇಸ್ತ್ರಿ ಅಂಗಡಿಗೆ ಹೋದಾಗ ಮೇಜಿನ ಹಿಂದೆ ನಿಂತಿದ್ದವಳು ಅತ್ತೆ. ಒಂದು ಅಂಗಿಗೆ ಎರಡು ಕೈ ಹಚ್ಚಿ ಹೆಣಗುತ್ತಿದ್ದಳು. ತಾರಸಿಯಿಂದ ಕೆಮ್ಮು ಕೇಳಿಸುತ್ತಿತ್ತು, ದೊಡ್ಡದಾಗಿ, ತಡೆಯಿಲ್ಲದೆ.

"ಊಟಕ್ಕೆ ಮೊದ್ಲೋ, ಆಮೇಲೋ?" ಎಂದಳು ಮುದುಕಿ, ಕಣ್ಣೆತ್ತದೆ.

"ಬೆಳಿಗ್ಗೆ, ಖಾಲಿ ಹೊಟ್ಟೆಗೆ. ಒಂದು ದಿನಾನೂ ತಪ್ಪಬಾರ್ದು. ನೀವೂ ಮನೆಯೋರೆಲ್ಲ ಪರೀಕ್ಷೆ ಮಾಡಿಸ್ಬೇಕು. ಮನೆ ಒಳಗೆ ಗಾಳಿ ಆಡ್ಬೇಕು."

ಮುದುಕಿ ಇಸ್ತ್ರಿಪೆಟ್ಟಿಗೆ ಇಳಿಸಿ ಒಳಗೆ ನಡೆದಳು. ಗೋಡೆಗೆ ಒತ್ತಿ ಪೇರಿಸಿದ್ದ ಬಟ್ಟೆಗಂಟುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಅವುಗಳ ಹಿಂದೆ ಒಂದು ಕಿಟಕಿಯಿತ್ತು. ಬಣ್ಣ ಮೆತ್ತಿಕೊಂಡು ಬಾಗಿಲು ಚೌಕಟ್ಟಿಗೆ ಅಂಟಿತ್ತು. ಅವಳು ಭುಜ ಕೊಟ್ಟು ನೂಕಿದಳು, ಅಲುಗಲಿಲ್ಲ. ದೊಡ್ಡ ಸಿಸ್ಟರ್ ಚೀಲವನ್ನು ಸ್ಟೂಲಿನ ಮೇಲಿಟ್ಟು ಪಕ್ಕಕ್ಕೆ ಹೋಗಿ ನಿಂತರು. ಇಬ್ಬರೂ ಕೈಯೂರಿ ತಳ್ಳತೊಡಗಿದರು. ಬಣ್ಣದ ಒಣ ಚಕ್ಕೆಗಳು ಅವರ ಕೈಗಳ ಮೇಲೆ ಉದುರುತ್ತಿದ್ದವು.