ಅಟ್ಟದ ಕಾಯಿ, ಲಿಫ್ಟಿನ ಕಿವಿ

ಒಂದು ಕಾಲದಲ್ಲಿ ನೊಣವಿನಕೆರೆಯಲ್ಲಿ ಹನುಮಕ್ಕನ ಕಿವಿಗಿದ್ದ ಮರ್ಯಾದೆ ದೊಡ್ಡವರ ಮಾತಿಗೂ ಇರಲಿಲ್ಲ. ಅಟ್ಟದಲ್ಲಿ ವರ್ಷಪೂರ್ತಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ನೀರು ಇನ್ನೂ ಉಳಿದಿದೆಯೋ, ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಹೇಳಿಬಿಡುತ್ತಿದ್ದಳು. ಗಂಡ ಬೀರಲಿಂಗಯ್ಯ ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಇಳಿಬಿಡುವುದು, ಇವಳು ಕೆಳಗೆ ಹಿಡಿದು ಅಲ್ಲಾಡಿಸಿ, ತಲೆಯೆತ್ತಿ “ಆಗೈತೆ ಕಣ್ರೀ!” ಎಂದು ಕೂಗುವುದು. “ನಿನ್ ಕಿವಿ ಇರೋವಾಗ ನಂಗೆ ಕಣ್ಯಾಕೆ ಬುಡು” ಎಂದು ಅವನು ಮೇಲಿಂದ ರೇಗಿಸುತ್ತಿದ್ದ. ಆ ಪುಣ್ಯಾತ್ಮ ಹೋಗಿ ಎಷ್ಟೋ ವರ್ಷವಾಯಿತು. ಅಟ್ಟ ಮಾತ್ರ ಇವತ್ತಿಗೂ ಹನುಮಕ್ಕನದೇ.

ಈಗ ಆ ಕಿವಿ ಕೈಕೊಟ್ಟಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸೊಸೆ ಏಣಿ ಎತ್ತಿಟ್ಟು, “ನೀವು ಸುಮ್ನೆ ಕೂತ್ಕಳಿ ಅತ್ತೆ” ಅಂದುಬಿಡುತ್ತಾಳೆ. ಅಟ್ಟವೂ ಹೋದರೆ ಅವನ ನೆನಪನ್ನು ಎಲ್ಲಿಗೆ ಹೋಗಿ ಮಾತಾಡಿಸುವುದು? ಜನರ ತುಟಿ ನೋಡಿಕೊಂಡು ಹೇಗೋ ಹೂಂಗುಟ್ಟಿ ಸಾಗಹಾಕುತ್ತಿದ್ದಳು. ಆದರೆ ಕಾಯಿಗೆ ತುಟಿಯಿಲ್ಲವಲ್ಲ, ಶಿವನೇ!

ಮೊಮ್ಮಗಳು ಮೋನಿಕಾ ತಿಪಟೂರಿನಲ್ಲಿ ಲಿಫ್ಟ್ ರಿಪೇರಿ ಮಾಡುವವಳು. ಬಸವಕುಮಾರ್ ಅವರ ಬಟ್ಟೆ ಅಂಗಡಿಯ ಹಳೇ ಲಿಫ್ಟಿಗೆ ಸೆನ್ಸರ್ ಕೂರಿಸಿದ್ದಳು. ಮೇಲಿನ ಮೋಟಾರಿಗೆ ಪೂಜೆ ಮಾಡಬೇಕು, ಮನೆಯ ಕಾಯೇ ಆಗಬೇಕು ಎಂದು ಅಜ್ಜಿಗೆ ಹೇಳಿಕಳಿಸಿದ್ದಳು. ಹನುಮಕ್ಕ ಅಟ್ಟ ಹತ್ತಿ, ಹೊಸ ಕಾಯಿ ಏರಿಸಿದ್ದ ಮೂಲೆ ಎಂದುಕೊಂಡ ಕಡೆಯಿಂದ ಆರಿಸಿ, ಅಲ್ಲಾಡಿಸಿ ನೋಡಿದಳು. ಏನೂ ಕೇಳಿಸಲಿಲ್ಲ. ಒಳಗೆ ನೀರು ಪೂರ್ತಿ ತುಂಬಿರುವಾಗ ಕಾಯಿ ಸದ್ದು ಮಾಡುವುದಿಲ್ಲ ತಾನೇ ಎಂದು ಸಮಾಧಾನ ಮಾಡಿಕೊಂಡು, ಜುಟ್ಟು ಉಳಿಸಿ ತಾನೇ ಸುಲಿದು, ಚೀಲಕ್ಕೆ ತುಂಬಿ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅಜ್ಜಿ, ಮೊಮ್ಮಗಳು, ಬಸವಕುಮಾರ್ ಮೂವರೂ ಲಿಫ್ಟ್ ಹತ್ತಿದರು. ಚೀಲವನ್ನು ಕಾಲಬುಡದಲ್ಲಿ ಇಟ್ಟದ್ದಾಯಿತು. ಲಿಫ್ಟ್ ಹೊರಟಿತು, ಮೊದಲ ಮಹಡಿಗೇ ನಿಂತು ಬಾಗಿಲು ತೆರೆಯಿತು. ಮೋನಿಕಾಳ ಮೊಬೈಲು ಕೂಗಿಕೊಂಡಿತು.

“ಏನಮ್ಮ, ಪೂಜೆಗೆ ಮುಂಚೇನೇ ಮುಷ್ಕರನಾ?” ಅಂದರು ಬಸವಕುಮಾರ್.

“ಇಲ್ಲ ಸಾರ್. ಅಡೀಲಿ ಸೆನ್ಸರ್ ಐತೆ. ಈ ಲಿಫ್ಟ್ ಹೆಂಗೆಂಗೆ ಅದುರ್ತದೆ ಅಂತ ಎಐ ಎಲ್ಲಾ ಕಲ್ತ್ಕೊಂಡೈತೆ. ಗೊತ್ತಿಲ್ಲದ್ದು ಏನಾದ್ರೂ ಅದುರಿದ್ರೆ, ಯಾವ್ದೋ ಸಡಿಲ ಆಗೈತೆ ಅಂತ ಹತ್ರದ ಮಹಡೀಲಿ ನಿಂತ್ಬುಡ್ತದೆ.”

ಮೋನಿಕಾ ಬೋಲ್ಟುಗಳನ್ನೆಲ್ಲ ನೋಡಿದಳು. ಎಲ್ಲ ಬಿಗಿಯಾಗಿಯೇ ಇದ್ದವು. ಮಂಡಿಯೂರಿ ನೆಲ ಮುಟ್ಟಿದಳು, ಆಮೇಲೆ ಚೀಲ ಮುಟ್ಟಿದಳು. ಒಂದು ಕಾಯಿ ತೆಗೆದು ಅಲ್ಲಾಡಿಸಿ, ಮತ್ತೊಂದನ್ನೂ ಅಲ್ಲಾಡಿಸಿ, ಅಜ್ಜಿಯ ಮುಖ ನೋಡಿದಳು. ಲಿಫ್ಟಿನ ನೆಲ ಅದುರಿಸಿದ್ದು ಕಾಯೊಳಗೆ ಉರುಳಾಡುವ ಕೊಬ್ಬರಿ ಎಂದು ಹನುಮಕ್ಕನಿಗೆ ಆಗ ಹೊಳೆಯಿತು. ಪೂಜೆಗೆ ಒಣಗಿದ ಕಾಯಿ! ನೀರೇ ಬರದ ಕಾಯಿ ಒಡೆದಿದ್ದರೆ ಅಪಶಕುನವೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

“ಸಾರ್, ಕೆಳಗಡೆ ಅಂಗಡೀಲಿ ಒಂದ್ ಕಾಯಿ ತರ್ಸಿ. ಇವು ಲಿಫ್ಟಿಗೆ ಆಗ್ಬರಲ್ವಂತೆ” ಎಂದು ಮೋನಿಕಾ ನಕ್ಕಳು. ಅವರೂ ನಕ್ಕು ಮೆಟ್ಟಿಲಿಳಿದರು.

“ಅಜ್ಜಿ, ಯಾವಾಗಿಂದ?”

ಅದನ್ನು ಹನುಮಕ್ಕ ತುಟಿಯಲ್ಲೇ ಓದಿದಳು. ಅಳು ಒತ್ತರಿಸಿ ಬಂತು. “ನನ್ ಕಿವಿ ಹೋಯ್ತು ಕಣೇ. ಕೊಬ್ರಿ ಬಿಟ್ಟಿರೋ ಕಾಯಿ ಗುಡುಗುಡು ಅನ್ನೋದೂ ಕೇಳಾಕಿಲ್ಲ. ಮಿಷಿನ್ ಕೈಲಿ ಮಾನ ಕಳ್ಕಂಡೆ. ನಿಮ್ಮವ್ವಂಗೆ ಹೇಳ್ಬೇಡ ಕಣೇ, ಅಟ್ಟ ಹತ್ತಾಕೆ ಬಿಡಾಕಿಲ್ಲ.”

ಮೋನಿಕಾ ಅಜ್ಜಿಗೆ ಕಾಣುವಂತೆ ಎದುರಿಗೆ ಬಂದು ನಿಧಾನವಾಗಿ ಹೇಳಿದಳು: “ಈ ಸೆನ್ಸರಿಗೂ ಕಿವಿ ಇಲ್ಲ ಕಣಜ್ಜಿ. ಅದುರೋದನ್ನ ಮುಟ್ಟಿ ತಿಳ್ಕೊಂತದೆ, ಅಷ್ಟೇ. ನೀನೂ ಹಂಗೇ ನೋಡು.” ಕಾಯಿಯನ್ನು ಅಜ್ಜಿಯ ದವಡೆಗೆ ಒತ್ತಿ ಹಿಡಿಸಿದಳು.

ಹನುಮಕ್ಕ ಕಣ್ಣು ಮುಚ್ಚಿ ಅಲ್ಲಾಡಿಸಿದಳು. ಮೊದಲು ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದಳು. ದವಡೆಯ ಮೂಳೆಯೊಳಗೆ ಗುಡುಗುಡು, ಗುಡುಗುಡು. ಅಯ್ಯೋ, ಅದೇ! ಅಟ್ಟದ ಧೂಳು, ಅವನ ಬೀಡಿ ವಾಸನೆ, ಮೇಲಿಂದ ಚಾಚಿದ ಕೈ, ಎಲ್ಲ ಒಟ್ಟಿಗೇ ಬಂದವು.

ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ಹನುಮಕ್ಕ ಲಿಫ್ಟಿನ ಸೂರಿನ ಕಡೆ ತಲೆಯೆತ್ತಿದಳು.

“ಆಗೈತೆ ಕಣ್ರೀ!” ಎಂದು ಕೂಗಿದಳು.