ಕೇಳುವ ಮೊದಲೇ ಬಂದ ಉತ್ತರ

ಗೋಡೆಯ ಪರದೆಯ ಮೇಲೆ ಹೊಳೆ ಒಂದು ಹಸಿರು ಅಂಕಿಯಾಗಿತ್ತು. ಎರಡೂವರೆ ಮೀಟರಿಗೆ ಏರುತ್ತಿತ್ತು, ತುಸು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನಿದ್ದೆಯಲ್ಲಿರುವವರ ಎದೆಯ ಹಾಗೆ. ಊರ ಮೇಲುಗಡೆ, ಗುಡ್ಡಗಳಾಚೆಯ ಸೇತುವೆಯ ಕಂಬಕ್ಕೆ ಒಂದು ಮಾಪಕ ಕಟ್ಟಿದ್ದರು. ನಮ್ಮ ನೀರು ಕಚೇರಿಯ ಸರ್ವರ್ ರೇಡಿಯೊ ಮೂಲಕ ಮತ್ತೆ ಮತ್ತೆ ಅದನ್ನು ಕೇಳುತ್ತಿತ್ತು. ಅದು ನೀರಿನ ಮಟ್ಟ ಹೇಳುತ್ತಿತ್ತು. ಅಂಕಿ ಐದು ದಾಟಿದರೆ ಛಾವಣಿಯ ಸೈರನ್ ತಾನಾಗಿ ಕೂಗಬೇಕು, ಕೆಳಗೇರಿಯವರು ಮನೆ ಬಿಟ್ಟು ಗುಡ್ಡ ಹತ್ತಬೇಕು. ನಾನು ಸೇರಿದ ಮೇಲೆ ಅದು ಒಮ್ಮೆಯೂ ಕೂಗಿರಲಿಲ್ಲ. ಹೊಳೆ ಒಳ್ಳೆಯದು ಎಂದೇ ಎಲ್ಲರೂ ತಿಳಿದಿದ್ದರು.

ಪಕ್ಕದ ಮೇಜಿನಲ್ಲಿ ಆಪರೇಟರ್ ಹಬೀಬಾ ಕೂರುತ್ತಿದ್ದಳು. ಅವಳ ತಾಯಿ ಕೆಳಗೇರಿಯಲ್ಲಿ, ಸೊಂಟ ಬಿದ್ದುಹೋಗಿ ಮಂಚ ಹಿಡಿದವಳು. ಅಂದು ಮಧ್ಯಾಹ್ನ ಹಬೀಬಾ ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ತಮ್ಮಾ, ಹೊಳೆ ಬಟ್ಟೆ ಒಗೆಯೋ ಕಲ್ಲುಗಳನ್ನ ನುಂಗಿದೆ ಅಂತಾಳೆ ನಮ್ಮ ಅಮ್ಮಿ."

ಕಚೇರಿಯ ಮುಖ್ಯಸ್ಥ ಶಿವಲಿಂಗಯ್ಯ ಚಹಾದ ಲೋಟದಿಂದ ತಲೆ ಎತ್ತಿದರು. "ನಿಮ್ಮಮ್ಮಿಗೆ ಮಂಚದ ಮೇಲಿಂದ ಹೊಳೆ ಕಾಣುತ್ತೇನಮ್ಮ?"

"ಕಾಣಲ್ಲ ಸರ್. ಬಟ್ಟೆ ಬಡಿಯೋ ಸದ್ದು ನಿಂತುಹೋಯ್ತಂತೆ."

"ಊಟಕ್ಕೆ ಹೋಗಿರ್ತಾರೆ. ಹನಿ ಮಳೆ ಇಲ್ಲ, ಅಂಕಿ ಹಸಿರಿದೆ. ಮಿಷನ್‌ಗಿಂತ ನಿಮ್ಮಮ್ಮಿ ಜೋರಾದಳೋ?"

ಹಬೀಬಾ ನಗಲಿಲ್ಲ. ಅವಳ ಸಮಾಧಾನಕ್ಕೆಂದು ನಾನು ಸರ್ವರಿನಿಂದ ಮಾಪಕಕ್ಕೆ ಪಿಂಗ್ ಕಳಿಸಿದೆ, ಬರೀ 'ಇದ್ದೀಯಾ?' ಎಂದು ಕೂಗಿದಂತೆ. ಪ್ರತಿ ಸಲವೂ ಉತ್ತರ ಬಂತು. ಉತ್ತರದ ಪಕ್ಕದಲ್ಲಿ ಅದು ಹೋಗಿ ಬರಲು ಹಿಡಿದ ಸಮಯ ಇರುತ್ತದೆ. ಅದನ್ನು ನೋಡಿ ನನ್ನ ಕೈ ನಿಂತಿತು. ಗುಡ್ಡ ದಾಟಿ ಹೋಗಿ ಬರುವ ಮಾತಿಗೆ ಒಂದಿಷ್ಟು ಹೊತ್ತಾದರೂ ಬೇಕು. ಈ ಉತ್ತರಕ್ಕೆ ಹೊತ್ತೇ ಹಿಡಿದಿರಲಿಲ್ಲ. ಉತ್ತರ ಕೊಡುತ್ತಿದ್ದದ್ದು ಏನೇ ಇರಲಿ, ಅದು ಈ ಕೋಣೆಯೊಳಗೇ ಇತ್ತು.

ಎದ್ದು ಹೋಗಿ ರೇಡಿಯೊಗೆ ಹೋಗುವ ಕೇಬಲ್ ಕಿತ್ತೆ.

"ಏ, ಏನು ಮಾಡ್ತಿದೀಯೋ!" ಎಂದರು ಶಿವಲಿಂಗಯ್ಯ.

"ಅಂಕಿ ನೋಡಿ ಸರ್."

ಮೂವರೂ ಪರದೆ ನೋಡಿದೆವು. ಕೇಬಲ್ ನನ್ನ ಕೈಯಲ್ಲಿತ್ತು. ಅಂಕಿ ಏರಿತು, ತುಸು ಇಳಿಯಿತು, ಮತ್ತೆ ಏರಿತು.

"ಯಾ ಅಲ್ಲಾ," ಎಂದಳು ಹಬೀಬಾ. "ಯಾರು ಮಾತಾಡ್ತಿರೋದು ಅದು?"

ರೂಟಿಂಗ್ ಟೇಬಲ್ ತೆರೆದೆ. ಯಾವ ವಿಳಾಸಕ್ಕೆ ಯಾವ ಬಾಗಿಲಿಂದ ಹೊರಡಬೇಕೆಂದು ಸರ್ವರ್ ನೋಡಿಕೊಳ್ಳುವ ಪಟ್ಟಿ ಅದು. ಕೊನೆಗೆ 'ಡಿಫಾಲ್ಟ್' ಎಂಬ ಸಾಲು: ಬೇರೆ ದಾರಿ ಗೊತ್ತಿಲ್ಲದ್ದೆಲ್ಲ ರೇಡಿಯೊ ಕಡೆಗೆ. ಆದರೆ ಒಂದೇ ಒಂದು ವಿಳಾಸಕ್ಕೆಂದು ಬರೆದ ಸಾಲಿದ್ದರೆ ಡಿಫಾಲ್ಟನ್ನು ಯಾರೂ ಕೇಳುವುದಿಲ್ಲ. ಮಾಪಕದ ವಿಳಾಸಕ್ಕೆ ಅಂಥ ಸಾಲಿತ್ತು. ಅದರ ತುದಿಯಲ್ಲಿ, ಹೊರಡುವ ಬಾಗಿಲಿನ ಜಾಗದಲ್ಲಿ, 'ಎಲ್‌ಓ' ಎಂದಿತ್ತು. ಲೂಪ್‌ಬ್ಯಾಕ್. ಸರ್ವರ್ ತನ್ನೊಡನೆ ತಾನೇ ಮಾತಾಡುವ ಬಾಗಿಲು.

ಶಿವಲಿಂಗಯ್ಯ ಬಗ್ಗಿ ಓದಿದರು. ಓದಿ ಕುರ್ಚಿಯಲ್ಲಿ ಕೂತರು.

"ಮಾಪಕ ರಿಪೇರಿಗೆ ಬಿಚ್ಚಿದಾಗ ಹಾಕೋದು ಇದು," ಎಂದರು ಮೆಲ್ಲಗೆ. "ಹತ್ತು ನಿಮಿಷ ಉತ್ತರ ಬರದಿದ್ರೆ ಸೈರನ್ ಸುಮ್ಮನೆ ಕೂಗುತ್ತೆ ಅಂತ ಅದರ ಜಾಗದಲ್ಲಿ ಒಂದು ಸಣ್ಣ ಪ್ರೋಗ್ರಾಂ ಕೂರಿಸ್ತೀವಿ. ಅಂಕಿ ಅಲ್ಲಾಡದೆ ನಿಂತರೂ ಕೂಗುತ್ತೆ, ಅದಕ್ಕೆ ಚೂರು ಹೆಚ್ಚು ಕಡಿಮೆ ಮಾಡಿ ಹೇಳುತ್ತೆ. ಮಾಪಕ ವಾಪಸ್ ಕಟ್ಟಿದ ಮೇಲೆ ತೆಗೀಬೇಕು."

"ಸರ್ವರ್ ಆರಿಸಿ ಹಚ್ಚಿದರೆ ಈ ಸಾಲು ತಾನೇ ಹೋಗಬೇಕಿತ್ತಲ್ಲ?" ಎಂದೆ.

"ಹೋಗ್ತಿತ್ತು. ರಿಪೇರಿ ನಡುವೆ ಕರೆಂಟ್ ಹೋಗಿ ಬಂದಾಗೆಲ್ಲ ಸಾಲು ಅಳಿದು ಸೈರನ್ ಕೂಗ್ತಿತ್ತು. ಬೇಸತ್ತು, ಸರ್ವರ್ ಹಚ್ಚಿದಾಗೆಲ್ಲ ಓದಿಕೊಳ್ಳೋ ಸ್ಟಾರ್ಟ್‌ಅಪ್ ಫೈಲಿಗೇ ಸೇರಿಸಿದೆವು."

"ಎಷ್ಟು ವರ್ಷ ಆಯ್ತು ಸರ್?" ಎಂದು ಹಬೀಬಾ ಕೇಳಿದಳು.

ಆ ಸಾಲು ಅಳಿಸಿದೆ, ಮಾಪಕದ ವೇಷ ಹಾಕಿದ್ದ ಪ್ರೋಗ್ರಾಮನ್ನು ಕೊಂದೆ, ಕೇಬಲ್ ಸಿಕ್ಕಿಸಿದೆ. ಈಗ ಸರ್ವರಿನ ಪ್ರಶ್ನೆ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಗುಡ್ಡ ಹತ್ತಿ ಹೊಳೆಯ ಕಡೆ ಹೋಯಿತು. ಕಾದೆವು. ಹಸಿರು ಅಂಕಿ ಮಾಯವಾಗಿ ಬರೀ ಒಂದು ಗೆರೆ ಉಳಿಯಿತು.

"ಸೇತುವೆಯ ಮಾಪಕ ಮುಳುಗಿರಬೇಕು," ಎಂದೆ.

ಹಬೀಬಾ ಅಲ್ಲಿರಲಿಲ್ಲ. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿಸಿತು, ಆಮೇಲೆ ಬರಿಗಾಲಿನ ಸದ್ದು.

"ಬರೀ ಮಾಪಕ ಕೆಟ್ಟಿದ್ರೆ? ಇಡೀ ಕೇರಿ ಸುಮ್ಮನೆ ಓಡಿದ್ರೆ ನಾಳೆ ನನ್ನನ್ನ ಕೇಳ್ತಾರೆ," ಎಂದರು ಶಿವಲಿಂಗಯ್ಯ.

"ಕೇಳೋಕೆ ಬದುಕಿರಲಿ ಸರ್ ಅವರು," ಎಂದು, ಹತ್ತು ನಿಮಿಷ ಕಾಯದೆ ಸೈರನ್ನಿನ ಗುಂಡಿ ಒತ್ತಿದೆ.

ಜಗಲಿಯಿಂದ ಕೆಳಗೇರಿ ಪೂರ್ತಿ ಕಾಣುತ್ತಿತ್ತು. ಬಿಸಿಲು ಚೆನ್ನಾಗಿತ್ತು; ಮಳೆ ಗುಡ್ಡಗಳಾಚೆ ಎಲ್ಲೋ ಸುರಿದಿರಬೇಕು. ಕೆಂಪು ನೀರು ಸದ್ದಿಲ್ಲದೆ ಕೊನೆಯ ಮನೆಗಳ ಹೊಸ್ತಿಲು ದಾಟುತ್ತಿತ್ತು. ಜನ ಹೊರಗೆ ಬಂದರು, ಆದರೆ ಓಡಲಿಲ್ಲ. ಆ ಸದ್ದನ್ನು ಅವರು ಮರೆತೇಬಿಟ್ಟಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಛಾವಣಿಯನ್ನೇ ನೋಡುತ್ತ ನಿಂತರು. ಎಲ್ಲರ ಬೆನ್ನೂ ಹೊಳೆಯ ಕಡೆಗೆ.

ಅವರ ನಡುವೆ ಹಬೀಬಾ ಮತ್ತು ಒಬ್ಬ ಗಂಡಸು ಒಂದು ಕುರ್ಚಿ ಎತ್ತಿಕೊಂಡು ಏರು ಹತ್ತುತ್ತಿದ್ದರು. ಅವಸರದಲ್ಲಿ ಕುರ್ಚಿಯನ್ನು ಹಿಂದುಮುಂದಾಗಿ ಎತ್ತಿದ್ದರು. ಅದರಲ್ಲಿ ಕೂತ ಮುದುಕಿ, ಇಡೀ ಕೇರಿಯಲ್ಲಿ ಅವಳೊಬ್ಬಳೇ, ಹೊಳೆಗೆ ಮುಖ ಮಾಡಿ, ಕೈ ನೀಡಿ ತೋರಿಸುತ್ತಿದ್ದಳು. ಜನ ಒಬ್ಬೊಬ್ಬರಾಗಿ ತಿರುಗಿದರು.